ಒಣಹಾಕಿದ ಪುಣ್ಯ

ಕೇಳದೆ ಬಂದ ಒಳ್ಳೆಯ ಹೆಸರನ್ನು ವಾಪಸು ಕೊಡುವುದು ಎಷ್ಟು ಕಷ್ಟ ಎಂಬುದು ನನಗೆ ಅಮೆರಿಕದ ಆಸ್ಟಿನ್ನಿನಲ್ಲಿ ಗೊತ್ತಾಯಿತು. ಕೆಟ್ಟ ಹೆಸರಾದರೆ ಓಡಾಡಿ, ಕೂಗಾಡಿ, ಅದು ನಮ್ಮದಲ್ಲ ಎಂದು ಸಾಧಿಸುತ್ತೇವೆ. ಒಳ್ಳೆಯ ಹೆಸರು ತಪ್ಪು ವಿಳಾಸಕ್ಕೆ ಬಂದರೂ ಸಹಿ ಹಾಕಿ ಒಳಗೆ ತೆಗೆದುಕೊಳ್ಳುತ್ತೇವೆ. ನಾನೂ ತೆಗೆದುಕೊಂಡೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಮ್ಮವರು ಕಂಪ್ಯೂಟರ್ ಕಂಪನಿಯೊಂದಕ್ಕೆ ಹೋಗುತ್ತಿದ್ದರು; ನಾನು ಅವರ ವೀಸಾದ ಬಾಲ ಹಿಡಿದು ಬಂದು ಅಪಾರ್ಟ್‌ಮೆಂಟಿನಲ್ಲಿ ಕೂತಿದ್ದೆ. ಕೆಲಸ ಮಾಡುವ ಹಾಗಿಲ್ಲ. ಕಾರು ಓಡಿಸುವ ಹಾಗೂ ಇಲ್ಲ, ಏಕೆಂದರೆ ಟೆಕ್ಸಸ್ಸಿನ ಡ್ರೈವಿಂಗ್ ಪರೀಕ್ಷೆಯಲ್ಲಿ ಕಂಬಗಳ ನಡುವೆ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಬೇಕು. ನಾನು ಮೂರು ಸಲ ಆ ಕಂಬಗಳನ್ನು ಬೀಳಿಸಿದ್ದೆ. ಮೂರನೆಯ ಸಲ ಪರೀಕ್ಷೆ ಮಾಡುವವರು ತಾವೇ ಇಳಿದು ಕಂಬ ಎತ್ತಿ ನಿಲ್ಲಿಸಿ, ಮತ್ತೆ ಕಾರು ಹತ್ತದೆ ನಡೆದುಕೊಂಡೇ ಆಫೀಸಿಗೆ ಹೋದರು. ಇನ್ನು ಬಟ್ಟೆ ಒಗೆಯುವ, ಒಣಗಿಸುವ ಯಂತ್ರಗಳಿದ್ದದ್ದು ಕಾಂಪೌಂಡಿನ ಆ ತುದಿಯಲ್ಲಿ. ಆ ಬಿಸಿಲಲ್ಲಿ ಬುಟ್ಟಿ ಹೊತ್ತು ಅಷ್ಟು ದೂರ ಯಾರು ಹೋಗುತ್ತಾರೆ? ಬಾತ್‌ಟಬ್ಬಿನಲ್ಲೇ ಕುಕ್ಕಿ ಒಗೆದು, ಬಾಲ್ಕನಿಯಲ್ಲಿ ಹಗ್ಗ ಕಟ್ಟಿ ಒಣಹಾಕುತ್ತಿದ್ದೆ. ಶುದ್ಧ ಸೋಮಾರಿತನ.

ಪಕ್ಕದ ಮನೆಯ ರೂತ್ ಇದನ್ನು ನೋಡಿದರು. ನಿವೃತ್ತ ಸ್ಕೂಲ್ ಟೀಚರ್, ಬೆಳ್ಳಗಿನ ಗಿಡ್ಡ ಕೂದಲು, ಎಲ್ಲಿಗೆ ಹೋದರೂ ಸೈಕಲ್. ಒಂದು ಬೆಳಿಗ್ಗೆ ನನ್ನ ಹಗ್ಗದ ಕೆಳಗೆ ನಿಂತು, "ಕಾರಿಲ್ಲ, ಮಾಂಸ ಇಲ್ಲ, ಡ್ರೈಯರ್ ಇಲ್ಲ. ಎಷ್ಟು ಸರಳವಾಗಿ ಬದುಕ್ತೀಯಮ್ಮ ನೀನು!" ಎಂದರು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ನನಗೆ ಕೇಳಿಸಿದ್ದು ಮೈಸೂರು ಕನ್ನಡದಲ್ಲಿ. ಈ ಪ್ರಬಂಧದುದ್ದಕ್ಕೂ ಎಲ್ಲರೂ ಹಾಗೇ ಮಾತಾಡುತ್ತಾರೆ, ಸಹಿಸಿಕೊಳ್ಳಿ. ಅಲ್ಲ ರೂತ್, ಕಾರಿಲ್ಲದ್ದು ಕಂಬಗಳಿಂದ, ಮಾಂಸ ಇಲ್ಲದ್ದು ಹುಟ್ಟಿದ ಮನೆಯಿಂದ, ಡ್ರೈಯರ್ ಇಲ್ಲದ್ದು ಮೈಗಳ್ಳತನದಿಂದ ಎಂದು ಹೇಳಬೇಕಾಗಿತ್ತು. ನಾನು ತಲೆ ಬಗ್ಗಿಸಿ ಮುಗುಳ್ನಕ್ಕೆ. ಮುಂದಿನ ಭಾನುವಾರ ಅವರು ನನ್ನನ್ನು ತಮ್ಮ ಕ್ವೇಕರ್ ಸಭೆಗೆ ಕರೆದುಕೊಂಡು ಹೋದರು.

ಕ್ವೇಕರರೆಂದರೆ ಇಂಗ್ಲೆಂಡಿನಲ್ಲಿ ಮುನ್ನೂರು ಚಿಲ್ಲರೆ ವರ್ಷಗಳ ಹಿಂದೆ ಹುಟ್ಟಿದ ಒಂದು ಕ್ರೈಸ್ತ ಪಂಗಡ. ಪ್ರತಿಯೊಬ್ಬರ ಒಳಗೂ ದೇವರ ಬೆಳಕಿದೆ ಎಂಬ ನಂಬಿಕೆ. ಆದ್ದರಿಂದ ಎಲ್ಲರೂ ಸಮ ಎಂದು, ಮರ್ಯಾದೆಗಾಗಿ ದೊಡ್ಡವರ ಮುಂದೆ ಟೋಪಿ ತೆಗೆಯುತ್ತಿರಲಿಲ್ಲವಂತೆ. ಕೋರ್ಟಿನಲ್ಲಿ ಪ್ರಮಾಣ ಮಾಡುವುದಿಲ್ಲ. ಪ್ರಮಾಣ ಮಾಡಿ ನಿಜ ಹೇಳುತ್ತೇನೆ ಎಂದರೆ ಉಳಿದ ಹೊತ್ತು ಸುಳ್ಳು ಹೇಳುತ್ತೇನೆ ಎಂದಾಗುತ್ತದಲ್ಲ, ಅದಕ್ಕೆ. ಯುದ್ಧ ಬೇಡ, ಗುಲಾಮಗಿರಿ ಬೇಡ ಎಂದು ಊರೆಲ್ಲ ಸುಮ್ಮನಿದ್ದಾಗ ಹೇಳಿದವರು, ಜೈಲು ಕಂಡವರು. ಅಂಥವರ ವಂಶ ಆಸ್ಟಿನ್ನಿನಲ್ಲಿ ಪೇಪರ್ ಕಪ್ ಬೇಡ ಎಂದು ಹೋರಾಡುತ್ತಿತ್ತು.

ಅವರ ಪೂಜೆ ಎಂದರೆ ಒಂದು ಗಂಟೆ ಸುಮ್ಮನೆ ಕೂರುವುದು. ಪಾದ್ರಿ ಇಲ್ಲ, ಹಾಡಿಲ್ಲ. ಒಳಗಿನಿಂದ ಮಾತು ಬಂದವರು ಎದ್ದು ನಾಲ್ಕು ಮಾತು ಹೇಳಿ ಕೂರುತ್ತಾರೆ. ಗಂಟೆ, ಜಾಗಟೆ, ಮೈಕು, ಚಪ್ಪಲಿ ಕಳೆದವರ ಕೂಗಾಟ ಎಲ್ಲ ಇದ್ದರೇ ದೇವಸ್ಥಾನ ಎಂದು ಬೆಳೆದವಳು ನಾನು. ಮೊದಲ ಭಾನುವಾರ ಆ ಒಂದು ಗಂಟೆಯಲ್ಲಿ ಇಡೀ ವಾರದ ಅಡುಗೆ ಯೋಚಿಸಿ ಮುಗಿಸಿದೆ. ಎದ್ದಾಗ ರೂತ್, "ನಿನ್ನ ಮುಖದಲ್ಲಿ ಎಂಥ ಶಾಂತಿ ಇತ್ತು" ಎಂದರು. ಹುಳಿಗೆ ಬೂದುಗುಂಬಳ ಸಿಗುವ ಅಂಗಡಿ ಆಗಷ್ಟೇ ನೆನಪಾಗಿತ್ತು.

ಆರು ತಿಂಗಳಲ್ಲಿ ನನ್ನ ಹಗ್ಗ ಪ್ರಸಿದ್ಧವಾಯಿತು. ಅವರ ಪತ್ರಿಕೆಯಲ್ಲಿ ನನ್ನ ಇಳಕಲ್ ಸೀರೆ ಗಾಳಿಗೆ ಹಾರುವ ಫೋಟೋ ಬಂತು. ಮಕ್ಕಳಿಗೆ ಸರಳ ಜೀವನದ ಬಗ್ಗೆ ನಾಲ್ಕು ಮಾತು ಹೇಳು ಎಂದರು, ಹೇಳಿದೆ. ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿದ್ದ ಗೆಳತಿ ವಸುಧಾಗೆ ಫೋನಿನಲ್ಲಿ ಜಂಬ ಕೊಚ್ಚಿಕೊಂಡರೆ, "ಏನೇ ನೀನು, ಬಟ್ಟೆ ಒಣಹಾಕೋದಕ್ಕೂ ಸನ್ಮಾನವಾ? ನಮ್ಮ ಸಬ್‌ಡಿವಿಷನ್‌ನಲ್ಲಿ ಒಂದು ಟವೆಲ್ ಹೊರಗೆ ಹಾಕಿದ್ರೆ ಅಸೋಸಿಯೇಷನ್ನಿಂದ ದಂಡದ ಲೆಟರ್ ಬರತ್ತೆ ಕಣೇ" ಎಂದು ನಕ್ಕಳು. ಹೊಟ್ಟೆಕಿಚ್ಚು ಎಂದುಕೊಂಡೆ.

ಸಭೆಯಲ್ಲಿ ನನ್ನ ದೊಡ್ಡ ಅಭಿಮಾನಿ ಹೆರಾಲ್ಡ್. ಎಂಬತ್ತರ ಹತ್ತಿರದವರು, ನೆಟ್ಟಗೆ ನಿಲ್ಲುವವರು, ಆಗಸ್ಟಿನಲ್ಲೂ ಏಸಿ ಹಾಕದವರು. ಅವರನ್ನು ನೋಡಿದಾಗಲೆಲ್ಲ ನನಗೆ ನಮ್ಮಜ್ಜಿಯ ನೆನಪು. ಅಜ್ಜಿ ಮಡಿಸೀರೆಯನ್ನು ಕೋಲಿನಿಂದ ಎತ್ತಿ ಸೂರಿನ ಗಳದ ಮೇಲೆ ಹರವುತ್ತಿದ್ದರು; ನಾವು ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಬೈಗುಳ. ಹೆರಾಲ್ಡರದೂ ಮಡಿಯೇ. ಪ್ಲಾಸ್ಟಿಕ್ ಚೀಲ ಮುಟ್ಟಬಾರದು, ಪೇಪರ್ ಕಪ್ ಮುಟ್ಟಬಾರದು, ಡ್ರೈಯರ್ ಅಂತೂ ಹೆಸರೇ ಎತ್ತಬಾರದು. ವ್ಯತ್ಯಾಸವೆಂದರೆ, ಅಜ್ಜಿಯ ಮಡಿ ಅವರೊಬ್ಬರ ಪುಣ್ಯಕ್ಕೆ. ಹೆರಾಲ್ಡರದು ಭೂಮಿಯ ಉದ್ಧಾರಕ್ಕೆ. ಪಕ್ಕದಲ್ಲಿ ಬದುಕುವವರಿಗೆ ಎರಡೂ ಒಂದೇ.

ಆ ಬೇಸಿಗೆಯಲ್ಲಿ ಸಭೆಯ ಕಡೆಯಿಂದ ನಾವು ಏಳೆಂಟು ಜನ ಹ್ಯೂಸ್ಟನ್‌ಗೆ ಹೋದೆವು. ಅಲ್ಲಿ ಎಣ್ಣೆ ಶುದ್ಧ ಮಾಡುವ ಕಾರ್ಖಾನೆಗಳ ಬೇಲಿಗೆ ಒತ್ತಿಕೊಂಡಂತೆ ಬಡವರ ಮನೆಗಳ ಸಾಲಿದೆ. ಯಾವ ಹೊತ್ತಿನಲ್ಲಿ ಯಾವ ವಾಸನೆ ಬರುತ್ತದೆ ಎಂದು ಮನೆಮನೆಗೆ ಹೋಗಿ ಬರೆದುಕೊಂಡು ಸರ್ಕಾರಕ್ಕೆ ಕಳಿಸುವುದು ನಮ್ಮ ಕೆಲಸ. ಕೊಳೆತ ಮೊಟ್ಟೆಯ ವಾಸನೆ ಕಾರಿನ ಕಿಟಕಿ ಮುಚ್ಚಿದ್ದರೂ ಒಳಗೆ ಬಂತು. ಅಲ್ಲಿ ಸಿಕ್ಕವಳು ಡೊಲೊರೆಸ್. ಹೋಟೆಲಿನಲ್ಲಿ ರೂಮು ಗುಡಿಸುವ ಕೆಲಸ, ಎಂಟು ವರ್ಷದ ಮಗಳು ಅನಾ. ಮಗುವಿಗೆ ಉಬ್ಬಸ. ನಾವು ಉಡುಗೊರೆಯಾಗಿ ಒಯ್ದಿದ್ದ ಬಟ್ಟೆಯ ಚೀಲಗಳನ್ನು ಮರ್ಯಾದೆಯಿಂದ ತೆಗೆದುಕೊಂಡಳು. "ಇನ್ನೇನಾದರೂ ಬೇಕೇ?" ಎಂದು ರೂತ್ ಕೇಳಿದರು.

"ಡ್ರೈಯರ್" ಎಂದಳು ಡೊಲೊರೆಸ್.

 

ಅವಳು ಹಿತ್ತಲಿನ ಹಗ್ಗದಿಂದ ಮಗುವಿನ ದಿಂಬಿನ ಕವರು ತಂದು ನಮ್ಮ ಮುಂದೆ ಹಿಡಿದಳು. ಬಿಳಿ ಬಟ್ಟೆಯ ಮೇಲೆ ಸಣ್ಣ ಮಸಿ. "ಮೂಸಿ ನೋಡಿ. ಹೊರಗೆ ಒಣಹಾಕಬೇಡ ಅಂತಾರೆ ಡಾಕ್ಟ್ರು. ಕಾಸು ಹಾಕಿ ಒಗೆದು ಒಣಗಿಸೋ ಯಂತ್ರದ ಅಂಗಡಿಗೆ ಹೋಗೋಕೆ ಎರಡು ಬಸ್ ಬದಲಾಯಿಸಬೇಕು. ಅವಳು ರಾತ್ರಿಯೆಲ್ಲ ಇದರ ಮೇಲೆ ಮುಖ ಇಟ್ಟು ಉಸಿರಾಡ್ತಾಳೆ." ಮೂಸಿದೆ. ಕೆಮ್ಮು ಬಂತು.

ಒಂದು ಹಳೆಯ ಡ್ರೈಯರ್ ಕೊಡಿಸುವುದು ಏನು ಮಹಾ ಎನ್ನುತ್ತೀರಿ. ಸಭೆಯ ಹೆಸರಿನಲ್ಲಿ ಹೋದವರು ಸಭೆ ಒಪ್ಪದೆ ಏನೂ ಕೊಡುವ ಹಾಗಿರಲಿಲ್ಲ, ಮತ್ತೆ ಕ್ವೇಕರರ ಆಡಳಿತ ಸಭೆ ನಿಮಗೆ ಗೊತ್ತಿಲ್ಲ. ಅಲ್ಲಿ ಓಟು ಹಾಕುವುದಿಲ್ಲ. ಎಲ್ಲರ ಮನಸ್ಸೂ ಒಂದಾಗುವವರೆಗೆ ಕಾಯುತ್ತಾರೆ. ಸಭೆ ನಡೆಸುವ ಹಿರಿಯರಿಗೆ ಕ್ಲರ್ಕ್ ಎಂದು ಹೆಸರು. ಒಬ್ಬರಿಗೆ ಒಪ್ಪಿಗೆ ಇಲ್ಲದಿದ್ದರೂ ಕ್ಲರ್ಕ್ ವಿಷಯವನ್ನು ಮುಂದಿನ ತಿಂಗಳಿಗೆ ಇಡುತ್ತಾರೆ. ಬಹುಮತದ ದರ್ಬಾರಿಲ್ಲ, ಯಾರನ್ನೂ ತುಳಿಯುವುದಿಲ್ಲ. ತುಂಬ ಚೆಂದದ ಪದ್ಧತಿ, ನಿಮ್ಮ ಮಗುವಿಗೆ ಉಬ್ಬಸ ಇಲ್ಲದಿದ್ದರೆ.

ಮೊದಲ ತಿಂಗಳು ಹೆರಾಲ್ಡ್ ಎದ್ದರು. "ಭೂಮಿಯನ್ನು ಸುಡುವ ಯಂತ್ರವನ್ನು ನಾವೇ ಕೊಂಡು ಕೊಡುವುದೆ? ಭಾರತದಿಂದ ಬಂದ ನಮ್ಮ ಜಯಾಳನ್ನು ನೋಡಿ. ಎಷ್ಟು ಸಂತೋಷದಿಂದ ಹಗ್ಗದ ಮೇಲೆ ಒಣಹಾಕುತ್ತಾಳೆ." ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ನಾನೂ ನಕ್ಕೆ. ಥೂ, ಆ ನಗು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಎರಡನೆಯ ತಿಂಗಳು ಸಮಿತಿ ರಚನೆಯಾಯಿತು. ಮೂರನೆಯ ತಿಂಗಳು ಸಮಿತಿಯವರು ಮನೆಯೊಳಗೆ ಬಟ್ಟೆ ಹರವುವ ಮರದ ಸ್ಟ್ಯಾಂಡು ಒಂದನ್ನು ಡೊಲೊರೆಸ್ಸಿಗೆ ಕಳಿಸಿಕೊಟ್ಟರು. ಹ್ಯೂಸ್ಟನ್ನಿನ ಸೆಕೆಯಲ್ಲಿ ಬಟ್ಟೆ ಮೂರು ದಿನ ಒಣಗದೆ ಬೂಷ್ಟು ಹಿಡಿಯಿತು.

ನಾಲ್ಕನೆಯ ತಿಂಗಳು ರೂತ್ ಎದ್ದು, ಅನಾಳನ್ನು ಆಸ್ಪತ್ರೆಗೆ ಸೇರಿಸಿದ್ದರು, ಈಗ ಮನೆಗೆ ಬಂದಿದ್ದಾಳೆ ಎಂದಷ್ಟೇ ಹೇಳಿ ಕೂತರು.  ಹೆರಾಲ್ಡರ ಮುಖ ಬಾಡಿತು, ಕೆಟ್ಟವರಲ್ಲ ಅವರು. ಆದರೂ ನಿಧಾನವಾಗಿ ಎದ್ದು, "ನನಗೆ ಸಂಕಟವಾಗ್ತಿದೆ. ಆದರೆ ಜಯಾಳಂಥವರು ಮನಸ್ಸು ಮಾಡಿ ಬಿಟ್ಟಿರುವುದನ್ನು..." ಎಂದು ಶುರು ಮಾಡಿದರು.

ನನಗೆ ಅದೆಲ್ಲಿತ್ತೋ ಸಿಟ್ಟು. ಅವರ ಮೇಲಲ್ಲ. ಆ ಮಗುವಿಗೂ ಡ್ರೈಯರಿಗೂ ಅಡ್ಡ ನಿಂತಿದ್ದದ್ದು ಹೆರಾಲ್ಡ್ ಅಲ್ಲವೇ ಅಲ್ಲ, ನನ್ನ ಹಗ್ಗ. ಎದ್ದು ನಿಂತೆ. 

"ನಾನು ಏನೂ ಬಿಟ್ಟಿಲ್ಲ" ಎಂದೆ. "ಡ್ರೈಯರ್ ಇರೋ ರೂಮು ದೂರ, ನಾನು ಸೋಮಾರಿ. ಕಾರು ಪರೀಕ್ಷೆಯಲ್ಲಿ ಮೂರು ಸಲ ಫೇಲಾದೆ. ಪಾಸಾದ ದಿನವೇ ದೊಡ್ಡ ಕಾರು ತಗೋತೀನಿ. ಮನೆ ಕೊಂಡರೆ ಮೊದಲು ತರೋದು ಡ್ರೈಯರ್. ನೀವೆಲ್ಲ ಹೊಗಳಿದ್ರಿ, ಚೆನ್ನಾಗಿತ್ತು, ಅದಕ್ಕೆ ಸುಮ್ಮನಿದ್ದೆ. ಮಗು ಆಸ್ಪತ್ರೆಗೆ ಹೋಗೋವರೆಗೆ ಸುಮ್ಮನಿದ್ದೆ."

ಅಳು ಬಂತು, ಕೂತೆ. ಯಾರೂ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಭಾನುವಾರದ ಪೂಜೆಯ ಹಾಗೆ ಕೂತಿದ್ದೆವು. ನಾನು ಆ ಕೋಣೆಯಲ್ಲಿ ಅಡುಗೆಯ ಯೋಚನೆ ಮಾಡದೆ ಕೂತದ್ದು ಅದೇ ಮೊದಲು. ಆಮೇಲೆ ಹೆರಾಲ್ಡ್ ಎದ್ದರು. "ನಾನು ನಾಲ್ಕು ತಿಂಗಳಿಂದ ಒಂದು ಸೀರೆಯ ಫೋಟೋ ನೋಡ್ತಾ ಕೂತಿದ್ದೆ. ಮಗುವನ್ನು ನೋಡಲಿಲ್ಲ. ಕೊಡೋಣ." ಕ್ಲರ್ಕ್ ಬರೆದುಕೊಂಡರು. ಮುಗಿಯಿತು. ಅಂದಿನಿಂದ ನನ್ನ ಸೀರೆಯ ಮಾತನ್ನು ಯಾರೂ ಎತ್ತಲಿಲ್ಲ. ಸ್ವಲ್ಪ ಬೇಜಾರಾಯಿತು, ನಿಜ ಹೇಳಬೇಕಲ್ಲ.

ಮುಂದಿನ ಶನಿವಾರ ಯಾರದೋ ಟ್ರಕ್ಕಿನಲ್ಲಿ ಒಂದು ಹಳೆಯ ಡ್ರೈಯರ್ ಹಾಕಿಕೊಂಡು ಹ್ಯೂಸ್ಟನ್‌ಗೆ ಹೋದೆವು. ಹೆರಾಲ್ಡ್ ತಾವೇ ಮಂಡಿಯೂರಿ ಕೂತು ಅದರ ಕೊಳವೆಯನ್ನು ಗೋಡೆಯ ತೂತಿಗೆ ಸಿಕ್ಕಿಸಿದರು. ಕೆಲಸ ಮುಗಿದರೂ ಹಳೆಯ ಅಭ್ಯಾಸ ಬಿಡಲಿಲ್ಲ. "ಇದರ ಬಿಸಿಗಾಳಿ ಹೊರಗೆ ಬೀದಿಗೆ ಹೋಗುತ್ತಲ್ಲಮ್ಮ" ಎಂದು ಡೊಲೊರೆಸ್ಸಿಗೆ ಸಂಕೋಚದಿಂದ ಹೇಳಿದರು.

ಡೊಲೊರೆಸ್ ಬೇಲಿಯಾಚೆಯ ಚಿಮಣಿಗಳ ಕಡೆ ಒಮ್ಮೆ ನೋಡಿದಳು.

"ಹೋಗ್ಲಿ ಬಿಡಿ ಅಂಕಲ್" ಎಂದಳು. "ಈ ಬೀದಿಗೆ ಯಾರಾದರೂ ಬಿಡೋ ಗಾಳಿಯಲ್ಲಿ ಶುದ್ಧವಾಗಿರೋದು ಅದೊಂದೇ."

ಹೆರಾಲ್ಡ್ ಸ್ಕ್ರೂ ಡ್ರೈವರ್ ಕೈಯಲ್ಲಿ ಹಿಡಿದು ಅಲ್ಲೇ ಕೂತುಬಿಟ್ಟರು.