ಕೆಜಿ ಮೇಡಂ ತೂಗಿದ ದೋಣಿ

ನಮ್ಮ ಅಕ್ಕನಿಗೆ ಆಫೀಸಿನಲ್ಲಿ ಕೆಜಿ ಮೇಡಂ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಅದಕ್ಕಿಂತ ಸರಿಯಾದ ಹೆಸರನ್ನು ಹೆತ್ತವರೂ ಇಟ್ಟಿರಲಿಲ್ಲ. ಬಂದರಿನ ಪಾರ್ಸೆಲ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ತೂಕದ ಯಂತ್ರದ ಮುಂದೆ ನಿಂತವಳು ಅವಳು. ಪೆಟ್ಟಿಗೆ ಬಂದರೆ ತೂಗುವುದು, ಹೋಗಬೇಕಾದ ಊರಿನ ಚೀಟಿ ಅಂಟಿಸುವುದು, ಅದರ ಮೇಲೆ ಠಪ್ಪೆಂದು ಮುದ್ರೆ ಒತ್ತುವುದು. ಕೊನೆಕೊನೆಗೆ ಯಂತ್ರವೂ ಬೇಕಾಗಿರಲಿಲ್ಲ. ಚೀಲವನ್ನು ಒಂದು ಗೇಣು ಮೇಲೆತ್ತಿ "ಹದಿಮೂರೂವರೆ" ಅನ್ನುತ್ತಿದ್ದಳು. ಆಮೇಲೆ ಇಟ್ಟು ನೋಡಿದರೆ ಮುಳ್ಳು ಹದಿಮೂರೂವರೆಗೇ ಬಂದು ನಿಲ್ಲುತ್ತಿತ್ತು. ನನ್ನ ಮಗಳು ಹುಟ್ಟಿದ ದಿನ ಆಸ್ಪತ್ರೆಗೆ ಬಂದವಳು ಮಗುವನ್ನು ಎತ್ತಿಕೊಂಡು, ಮುದ್ದು ಮಾಡುವುದಕ್ಕೂ ಮೊದಲು, "ಎರಡು ಎಂಟುನೂರು" ಎಂದಳು. ನರ್ಸ್ ಬರೆದಿದ್ದು ಎರಡು ಒಂಬೈನೂರು. ಅಕ್ಕ ಬಿಡಲಿಲ್ಲ, ಮತ್ತೊಮ್ಮೆ ತೂಗಿಸಿದಳು. ಎರಡು ಎಂಟುನೂರೇ ಬಂತು. ನರ್ಸ್ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ.

ಇಂಥವಳು ನಿವೃತ್ತಿಯಾದ ತಿಂಗಳೊಳಗೆ, ಭಾವನೂ ಸೇರಿ ಮೂವರೂ ಊಟಕ್ಕೆ ಕೂತಾಗ, ಒಂದು ಸುದ್ದಿ ಹೇಳಿದಳು. ಒಂದು ಹಳೆಯ ಚಿಕ್ಕ ಕಟಮರಾನ್, ಅಂದರೆ ಜೋಡಿ ಒಡಲಿನ ಹಾಯಿದೋಣಿ, ಕೊಂಡುಕೊಂಡು ಭಾವನೂ ತಾನೂ ದೂರದ ಸಮುದ್ರಕ್ಕೆ ಹೊರಡುತ್ತಾರಂತೆ. ದಡ ಕಾಣುವ ಹಾಗೆ ಒಂದು ಸುತ್ತು ಹೊಡೆದು ಬರುವುದಲ್ಲ; ವಾರಗಟ್ಟಲೆ ಸುತ್ತ ನೀರು ಬಿಟ್ಟರೆ ಬೇರೇನೂ ಕಾಣದ ಸಮುದ್ರ. ನನ್ನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ತಲೆ ನೆಟ್ಟಗಿದೆಯಾ ಎಂದೆ, ವಯಸ್ಸೆಷ್ಟಾಯಿತು ಎಂದೆ, ಭಾವನನ್ನಾದರೂ ಕೇಳಿದೆಯಾ ಎಂದೆ. ಎಲ್ಲ ಮುಗಿದ ಮೇಲೆ ಅವಳು ಹೇಳಿದ್ದಿಷ್ಟೇ:

"ಮೂವತ್ತೊಂದು ವರ್ಷ ಊರವರ ಪೆಟ್ಟಿಗೆಗಳನ್ನೆಲ್ಲ ಕಳಿಸಿದೀನಿ. ಆ ಊರುಗಳ ಹೆಸರು ಒತ್ತಿ ಒತ್ತಿ ಬೆರಳು ಜಡ್ಡುಗಟ್ಟಿದೆ. ನಾನು ಒಂದಾದ್ರೂ ನೋಡ್ಬೇಡ್ವೇನೇ?"

ನಮ್ಮಮ್ಮ ಹೋದಾಗ ನನಗೆ ಎಂಟು ವರ್ಷ, ಅಕ್ಕನಿಗೆ ಹತ್ತೊಂಬತ್ತು. ನನ್ನ ಜಡೆ ಹಾಕಿದ್ದು, ಜ್ವರ ನೋಡಿದ್ದು, ಮದುವೆ ಮಾಡಿದ್ದು ಎಲ್ಲ ಅವಳೇ. ಈಗಲೂ ಅವಳ ಮನೆ ನನ್ನ ಮನೆಯಿಂದ ಎರಡು ಬೀದಿ ಆಚೆ. ಅವಳು ಹೋಗುವುದು ನನಗೆ ಬೇಕಿರಲಿಲ್ಲ. ಇದನ್ನು ಮುಚ್ಚಿಟ್ಟು ಮಿಕ್ಕಿದ್ದನ್ನೆಲ್ಲ ಹೇಳಿದರೆ ಸುಳ್ಳು ಹೇಳಿದ ಹಾಗಾಗುತ್ತದೆ.

ಭಾವ ಬೇಕರಿಯಲ್ಲಿ ಬ್ರೆಡ್ಡು ಸುಡುವವರು. ಆಳು ದೊಡ್ಡದು, ಮಾತು ಚಿಕ್ಕದು. ಹನ್ನೆರಡು ವರ್ಷದಿಂದ ಇಬ್ಬರೂ ರಜೆಯ ದಿನಗಳಲ್ಲಿ ಹಾಯಿದೋಣಿ ಕ್ಲಬ್ಬಿನ ಗೆಳೆಯರ ದೋಣಿಯಲ್ಲಿ ಹಾಯಿ ಕಟ್ಟುವುದನ್ನು ಕಲಿತಿದ್ದರು, ಬಿರುಗಾಳಿಗೂ ಒಂದೆರಡು ಸಲ ಸಿಕ್ಕಿ ಬಂದಿದ್ದರು. ಆದ್ದರಿಂದ ಭಾವನಾದರೂ ಬೇಡ ಅನ್ನುತ್ತಾರೆ ಎಂದು ನಾನು ಕಾದದ್ದು ವ್ಯರ್ಥವಾಯಿತು. ಅವರು ಇನ್ನೊಂದು ಲೋಟ ನೀರು ಕುಡಿದು ಕೈ ತೊಳೆಯಲು ಎದ್ದರು.

ದೋಣಿ ಸಿಕ್ಕಿದ್ದು ಬಂದರಿನ ಹಿಂದಿನ ರಿಪೇರಿ ಅಂಗಳದಲ್ಲಿ. ಮೂವತ್ತು ಅಡಿ ಉದ್ದ, ಹದಿನೆಂಟು ವರ್ಷ ಹಳೆಯದು. ಎರಡು ಕಿರಿದಾದ ಒಡಲುಗಳು, ನಡುವೆ ಅವನ್ನು ಜೋಡಿಸುವ ಡೆಕ್ಕು, ಮುಂದೆ ಎರಡರ ನಡುವೆ ಬಿಗಿದ ಒಂದು ಬಲೆ. ನನ್ನ ಕಣ್ಣಿಗೆ ಎರಡು ಸೌತೆಕಾಯಿಗೆ ಹಲಗೆ ಬಡಿದ ಹಾಗಿತ್ತು. ಅಕ್ಕ ಮೂರು ಶನಿವಾರ ಅದರ ಹೊಟ್ಟೆಯೊಳಗೆ ಟಾರ್ಚು ಹಿಡಿದು ತೆವಳಿದಳು. ನೆಲದ ಹಲಗೆ ಎತ್ತಿ ನೋಡಿದಳು, ಹಾಯಿಕಂಬದ ಭಾರ ಬೀಳುವ ಜಾಗದಲ್ಲಿ ಬಿರುಕು ಹುಡುಕಿದಳು, ಚುಕ್ಕಾಣಿಗಳನ್ನು ಹಿಡಿದು ಅಲ್ಲಾಡಿಸಿದಳು, ಕಿಟಕಿಗಳ ಮೇಲೆ ಪೈಪಿನಲ್ಲಿ ನೀರು ಬಿಡಿಸಿ ಒಳಗೆ ಕೂತು ಸೋರುತ್ತದೆಯೇ ಎಂದು ಕಾದಳು. ಮನೆಗೆ ಬಂದಾಗ ಮೈತುಂಬ ಕಪ್ಪು ಗ್ರೀಸು, ಮುಖದಲ್ಲಿ ಹದಿನಾರರ ಕಳೆ.

ಅಷ್ಟಾದ ಮೇಲೂ ತನ್ನನ್ನು ತಾನು ನಂಬದೆ ದೋಣಿ ಪರೀಕ್ಷಕರೊಬ್ಬರನ್ನು ಕರೆಸಿದಳು. ಅವರು ಚಿಕ್ಕ ಸುತ್ತಿಗೆಯಲ್ಲಿ ಇಡೀ ದೋಣಿಯನ್ನು ಗೇಣು ಗೇಣಿಗೆ ತಟ್ಟುತ್ತಾ, ಸದ್ದು ಎಲ್ಲಿ ಮಂಕಾಗುತ್ತದೆ ಎಂದು ಕಿವಿಗೊಟ್ಟು ಕೇಳಿದರು. ಕಂಬವನ್ನು ಹಿಡಿದ ತಂತಿಗಳು ಹಳೆಯವಾಗಿವೆ, ಎಡಗಡೆ ಚುಕ್ಕಾಣಿಯ ಬುಡ ಸಡಿಲವಾಗಿದೆ, ಇವೆರಡನ್ನೂ ಮಾರುವವರೇ ಬದಲಿಸಿಕೊಡಬೇಕು ಎಂದರು. ಮಾರುವವರು ಬದಲಿಸಿಕೊಟ್ಟರು. ಉಳಿದಂತೆ ಎಲ್ಲೂ ಕೊಳೆತಿಲ್ಲ, ಎಲ್ಲೂ ಬಿರುಕು ಬಿಟ್ಟಿಲ್ಲ. ಹಾಗಾದರೆ ದೂರದ ಸಮುದ್ರಕ್ಕೆ ಆಗುತ್ತದೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಿ ಎಂದು ಅಕ್ಕ ಪಟ್ಟು ಹಿಡಿದಳು.

"ಹಗುರವಾಗಿದ್ರೆ ಆಗುತ್ತೆ. ತುಂಬಿಸಿದ್ರೆ ಆಗಲ್ಲ," ಎಂದರು ಅವರು. "ದೋಣಿ ಏನೋ ಪಾಸಾಗಿದೆ. ನೀವು ಪಾಸಾಗ್ತೀರೋ ನೋಡ್ಬೇಕು."

ಆಮೇಲೆ ಬಿಡಿಸಿ ಹೇಳಿದರು. ಒಂದೇ ಒಡಲಿನ ದಪ್ಪ ದೋಣಿ ಒಂದಿಷ್ಟು ಹೆಚ್ಚಿನ ಭಾರವನ್ನು ಸಹಿಸಿಕೊಳ್ಳುತ್ತದೆ. ಈ ಸಣ್ಣ ಜೋಡಿ ಒಡಲು ಸಹಿಸುವುದಿಲ್ಲ, ಇಟ್ಟಷ್ಟೂ ಕೆಳಗಿಳಿಯುತ್ತದೆ. ಆಗ ನಡುವಿನ ಡೆಕ್ಕಿನ ತಳ ನೀರಿಗೆ ಹತ್ತಿರವಾಗಿ, ಪ್ರತಿ ಅಲೆಯೂ ಅದನ್ನು ಕೆಳಗಿನಿಂದ ಗುದ್ದುತ್ತದೆ. ಓಟ ಸಾಯುತ್ತದೆ, ಕೀಲುಗಳೆಲ್ಲ ನುಗ್ಗಾಗುತ್ತವೆ. ಕಟ್ಟಿದವರು ಕೊಟ್ಟ ಲೆಕ್ಕ ಒಟ್ಟು ಒಂಬೈನೂರು ಕಿಲೋ, ಅದರ ಮೇಲೆ ಒಂದು ಕಿಲೋ ಕೂಡ ಬೇಡ. ಜನ ಇಡೀ ಮನೆಯನ್ನೇ ಹೊತ್ತುಕೊಂಡು ಹೋಗಿ, ಆಮೇಲೆ ದೋಣಿ ಸರಿಯಿಲ್ಲ ಎಂದು ದೂರುತ್ತಾರೆ ಎಂದು ಅವರು ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡರು.

ತೂಕದ ಮಾತನ್ನು ನಮ್ಮಕ್ಕನ ಮುಂದೆ ಆಡಿದರೆ ಕೇಳಬೇಕೇ? ಅವರಿಂದಲೇ ಒಂಬೈನೂರರ ಮಟ್ಟವನ್ನು ಗುರುತು ಮಾಡಿಸಿಕೊಂಡು, ಎರಡೂ ಒಡಲಿನ ಮೇಲೆ ಬೆರಳಗಲದ ಹಳದಿ ಪಟ್ಟಿ ಅಂಟಿಸಿದಳು. ಪಟ್ಟಿಯ ಕೆಳಗಿನ ಅಂಚಿನವರೆಗೆ ನೀರು ಬರಬಹುದು, ಅಂಚು ಮುಳುಗಬಾರದು. ಮಾರುವವರು ತಿಂಗಳ ಕೊನೆಯ ಭಾನುವಾರ ಸಂಜೆಯವರೆಗೆ, ದೋಣಿ ಬೇಕೋ ಬೇಡವೋ ಹೇಳಲು, ಸಮಯ ಕೊಟ್ಟಿದ್ದರು. ಅಷ್ಟರೊಳಗೆ ದೋಣಿಯನ್ನು ನೀರಿಗಿಳಿಸಿ ಎಲ್ಲ ಸಾಮಾನು ತುಂಬಿ ನೋಡುವುದು. ಅಂಚು ಕಂಡರೆ ಹೋಗುವುದು, ಕಾಣದಿದ್ದರೆ ದೋಣಿಯೂ ಬೇಡ, ಸಮುದ್ರವೂ ಬೇಡ. ಹಾಗೆಂದು ನನ್ನ ಕೈ ಹಿಡಿದು ಮಾತು ಕೊಟ್ಟಳು. ಅಂದಿನಿಂದ ಆ ಪಟ್ಟಿ ಮುಳುಗಲಿ ಎಂದು ನಾನು ಹಾರೈಸದ ದಿನವಿಲ್ಲ.

ನಿವೃತ್ತಿಯ ದಿನ ಆಫೀಸಿನವರು ಅವಳ ಹಳೆಯ ತೂಕದ ಯಂತ್ರವನ್ನೇ ಉಡುಗೊರೆಯಾಗಿ ಕೊಟ್ಟಿದ್ದರು. ಅಗಲ ತಟ್ಟೆಯ, ದುಂಡು ಮುಖದ ಕಬ್ಬಿಣದ ಯಂತ್ರ. ಅದನ್ನು ನಡುಮನೆಯಲ್ಲಿಟ್ಟು ಅಕ್ಕ ಸಾಮಾನು ತೂಗತೊಡಗಿದಳು, ನಾನು ಬರೆದುಕೊಳ್ಳತೊಡಗಿದೆ. ಕುಡಿಯುವ ನೀರು, ಎಣ್ಣೆ, ಲಂಗರು, ಸರಪಳಿ, ಗಾಳಿ ತುಂಬುವ ಜೀವರಕ್ಷಕ ದೋಣಿ, ಜನರೇಟರ್, ಫ್ರಿಜ್ಜು, ಮಡಚುವ ಸೈಕಲ್ಲು, ಮೂರು ತಿಂಗಳ ದಿನಸಿ. ಟವೆಲ್ಲುಗಳನ್ನು ಅರ್ಧಕ್ಕೆ ಕತ್ತರಿಸಿದಳು. ಪುಸ್ತಕಗಳ ರಟ್ಟು ಕಿತ್ತಳು. ಭಾವನ ಛತ್ರಿಯನ್ನು ನೋಡಿ, ಸಮುದ್ರದ ಮಧ್ಯೆ ಯಾರಿಗೆ ಹಿಡಿಯುತ್ತೀರಿ ಎಂದು ಕೇಳಿ ಹೊರಗೆಸೆದಳು. ಭಾವನ ಸ್ವಂತದ್ದು ಅಂತ ಉಳಿದದ್ದು ಒಂದೇ ಪೆಟ್ಟಿಗೆ, ಹನ್ನೊಂದು ಕಿಲೋ. ಅಕ್ಕನದು ಮಾತ್ರ ಆಲ್ಬಮ್ಮುಗಳೇ ಇಪ್ಪತ್ತೊಂದು ಕಿಲೋ. ಮುದ್ರೆ ತಪ್ಪಿ ಬಿದ್ದ ಊರಿನ ಚೀಟಿಗಳನ್ನು ಮೂವತ್ತೊಂದು ವರ್ಷ ಒಂದೊಂದಾಗಿ ಅಂಟಿಸಿಟ್ಟುಕೊಂಡಿದ್ದಳು. ಅವನ್ನು ಬಿಟ್ಟು ಹೋಗು ಎನ್ನುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ನಾಲ್ಕು ವಾರದ ಕೊನೆಗೆ ಒಟ್ಟು ಎಂಟುನೂರ ಎಂಬತ್ತಾರಕ್ಕೆ ಬಂತು. ಇನ್ನೂ ಹದಿನಾಲ್ಕು ಕಿಲೋ ಉಳಿದಿದೆ ಎಂದು ಅಕ್ಕ ಬೀಗಿದಳು.

ಭಾನುವಾರ ಬೆಳಿಗ್ಗೆ ಸಾಮಾನೆಲ್ಲ ದೋಣಿ ಸೇರಿತು. ಕೊನೆಗೆ ಯಂತ್ರವನ್ನೂ ಏರಿಸಿದರು. ಊರೂರಲ್ಲಿ ಸಾಮಾನು ಕೊಂಡಾಗ ತೂಗಬೇಡವೇ ಎಂದಳು ಅಕ್ಕ. ನನ್ನ ಕೆಲಸ ಜೆಟ್ಟಿಯ ಕೆಳಗಿನ ಮೆಟ್ಟಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಪಟ್ಟಿ ನೋಡುವುದು. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನವಿಡೀ ಜನರನ್ನು ಕುರ್ಚಿಯಲ್ಲಿ ಕೂರಿಸಿ, ಕೆಳಗಿನ ಸಾಲು ಕಾಣುತ್ತಾ ಎಂದು ಕೇಳುತ್ತೇನೆ. ಕನ್ನಡಕ ಬೇಡವೆಂಬ ಆಸೆಗೆ ಕಾಣದಿದ್ದರೂ ಕಾಣುತ್ತೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈ ಕೆಲಸಕ್ಕೆ ನಿನಗಿಂತ ಒಳ್ಳೆಯವರು ಬೇಕಾ ಎಂದು ಅಕ್ಕ ನನ್ನನ್ನೇ ಕೂರಿಸಿದ್ದಳು.

ನೀರು ಪಟ್ಟಿಯ ಅಂಚಿಗೆ ಬಂದು ಕೂದಲೆಳೆಯಷ್ಟು ಮೇಲೇರಿತ್ತು. ಹೇಳಿದೆ. ಹದಿನಾಲ್ಕು ಕಿಲೋ ಮಿಕ್ಕಿರುವಾಗ ಹಾಗಾಗಬಾರದಲ್ಲ ಎಂದು ಅಕ್ಕ ಹುಬ್ಬು ಗಂಟಿಕ್ಕಿದಳು. ಆಗಷ್ಟೇ ದಾಟಿ ಹೋದ ಮೀನಿನ ದೋಣಿಯ ಅಲೆಯಿರಬೇಕು ಎಂದು ತಾನೇ ಸಮಾಧಾನ ಹೇಳಿಕೊಂಡಳು. ಆಮೇಲೆ ಒಂದು ಸುತ್ತು ಹೋಗಿ ಬರೋಣವೆಂದು ಅವಳು ಹತ್ತಿದಳು, ಹಿಂದೆ ಭಾವ ಹತ್ತಿದರು. ನಾನು ನೋಡುತ್ತಿದ್ದಂತೆಯೇ ಹಳದಿ ಪಟ್ಟಿ ಪೂರ್ತಿ ನೀರಿನೊಳಗೆ ಹೋಯಿತು.

ನನಗೆ ಸಂತೋಷವಾಯಿತು. ತಡೆಯಲಾಗದಷ್ಟು ಸಂತೋಷ, ಅದರ ಬೆನ್ನಿಗೇ ನಾಚಿಕೆ. ಪಟ್ಟಿ ಮುಳುಗಿದೆ ಎಂದೆ. ಅಕ್ಕ ಬಗ್ಗಿ ನೋಡಿದಳು, ನನ್ನ ಕೈಯಿಂದ ಲೆಕ್ಕದ ಪುಸ್ತಕ ತೆಗೆದುಕೊಂಡು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಬೆರಳಾಡಿಸಿದಳು. ಉಪ್ಪು ಇತ್ತು, ಸೂಜಿ ದಾರವಿತ್ತು. ಅವರಿಬ್ಬರು ಇರಲಿಲ್ಲ.

ಪಾರ್ಸೆಲ್ ಆಫೀಸಿನ ಗೋಡೆಯ ಮೇಲೆ, ಯಂತ್ರದ ಹತ್ತಿರ, ಒಂದು ಬೋರ್ಡು ಇರುತ್ತಿತ್ತು: ತಟ್ಟೆಯ ಮೇಲೆ ಯಾರೂ ನಿಲ್ಲಬಾರದು. ನಿಂತ ಹಮಾಲಿಗಳನ್ನು ಮೂವತ್ತೊಂದು ವರ್ಷ ಗದರಿಸಿ ಇಳಿಸಿದವಳು ಅಕ್ಕ. ಸಾಮಾನಿಗೆ ತೂಕ, ಹೊರುವವರಿಗೆ ಯಾವ ತೂಕ? ಆ ಅಭ್ಯಾಸ ಅವಳ ಮೂಳೆಗೇ ಇಳಿದಿತ್ತು. ಪಕ್ಕದಲ್ಲೇ ಕೂತು ಬರೆದ ನನಗಾಗಲಿ ಎತ್ತಿಕೊಟ್ಟ ಭಾವನಿಗಾಗಲಿ ಅದು ಹೊಳೆದಿರಲಿಲ್ಲ. ಅಕ್ಕ ಅರವತ್ತೆರಡು, ಭಾವ ತೊಂಬತ್ತನಾಲ್ಕು. ಒಂಬೈನೂರಕ್ಕಿಂತ ನೂರ ನಲವತ್ತೆರಡು ಕಿಲೋ ಹೆಚ್ಚು.

ಭಾವ ಮೆಲ್ಲಗೆ ಜೆಟ್ಟಿಗೆ ಇಳಿದರು. "ನಾನು ಇಳಿದ್ರೆ ಎಷ್ಟೋ ಭಾರ ಕಮ್ಮಿಯಾಗುತ್ತೆ ನೋಡು. ನನ್ನ ಬದಲು ಕ್ಲಬ್ಬಿನವರು ಯಾರಾದ್ರೂ ತೆಳ್ಳಗಿರೋರು ಬರ್ಲಿ. ನೀನು ಹೋಗು. ಪ್ರತಿ ಊರಲ್ಲೂ ನಾನು ಬಂದು ಸಿಕ್ತೀನಿ." ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ನೀವು ಸಾಮಾನಲ್ಲ, ಇಳಿಸೋಕೆ," ಎಂದಳು ಅಕ್ಕ. "ನಿಮ್ಮನ್ನ ಬಿಟ್ಟು ಜನರೇಟರ್ ಕರ್ಕೊಂಡು ಹೋಗ್ಲಾ? ಹತ್ತಿ ಕೂತ್ಕೊಳ್ಳಿ."

ಆಮೇಲೆ ಅವಳು ಯಾರ ಮುಖವನ್ನೂ ನೋಡಲಿಲ್ಲ. ಜನರೇಟರ್ ಕೆಳಗಿಳಿಯಿತು, ನಲವತ್ತನಾಲ್ಕು. ಫ್ರಿಜ್ಜು ಮತ್ತು ಅದಕ್ಕೆಂದೇ ಇದ್ದ ಬ್ಯಾಟರಿ, ಐವತ್ತೊಂದು. ಮಡಚುವ ಸೈಕಲ್ಲುಗಳೆರಡೂ ಸೇರಿ ಇಪ್ಪತ್ತಾರು. ಇನ್ನು ಇಪ್ಪತ್ತೊಂದು ಬೇಕಿತ್ತು. ಆಲ್ಬಮ್ಮುಗಳ ಪೆಟ್ಟಿಗೆಯನ್ನು ಅವಳೇ ಎತ್ತಿಕೊಂಡು ಬಂದು ನನ್ನ ಪಕ್ಕ ಇಟ್ಟಳು. ಊರನ್ನೇ ನೋಡುವವಳಿಗೆ ಚೀಟಿ ಯಾಕೆ ಎಂದಳು, ಆದರೆ ಮುಚ್ಚಳದ ಮೇಲೆ ಕೈಯಿಟ್ಟು ಒಂದು ಗಳಿಗೆ ಹಾಗೇ ನಿಂತಳು.

ಇಬ್ಬರೂ ಮತ್ತೆ ಹತ್ತಿ ಕೂತರು. ಪಟ್ಟಿ ನೀರಿನಿಂದ ಎದ್ದು ಬಂತು, ಕೆಳಗಿನ ಅಂಚೊಂದು ಬಿಟ್ಟು. ಗೋಧಿ ಕಾಳಿನ ದಪ್ಪದಷ್ಟು ಇನ್ನೂ ಮುಳುಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಷ್ಟರಿಂದ ಏನಾಗುತ್ತದೆ ಬಿಡು ಎಂದರು ಭಾವ. ಕಾಣಲಿಲ್ಲ ಅಂದರೆ ಕಾಣಲಿಲ್ಲ ಎಂದಳು ಅಕ್ಕ. ಮತ್ತೆ ಕೂಡಿದಳು, ಕಳೆದಳು. ಲೆಕ್ಕ ಒಂಬೈನೂರಕ್ಕೆ ಸರಿಯಾಗಿಯೇ ಬರುತ್ತಿತ್ತು. ನೀರು ಕಡಿಮೆ ಮಾಡುವ ಹಾಗಿಲ್ಲ, ಲಂಗರು ಮುಟ್ಟುವ ಹಾಗಿಲ್ಲ. ಭಾವನ ಪೆಟ್ಟಿಗೆಯ ಸಾಲಿನ ಮೇಲೆ ಪೆನ್ನು ನಿಂತಿತು, ಹೊಡೆಯದೆ ಮುಂದೆ ಹೋಯಿತು. ಎಲ್ಲಿಂದಲೋ ಬಂದ ಭಾರವಿದು, ಎಲ್ಲಿಯದೆಂದೇ ಗೊತ್ತಿಲ್ಲದ ಭಾರ ಹೊತ್ತುಕೊಂಡು ತಾನು ಸಮುದ್ರಕ್ಕೆ ಹೋಗುವವಳಲ್ಲ ಎಂದಳು. ಸಂಜೆಯ ಬಿಸಿಲು ಓರೆಯಾಗಿತ್ತು. ಅವಳು ಪುಸ್ತಕ ಮುಚ್ಚಿ, ದಣಿದು, ಪಕ್ಕದಲ್ಲಿದ್ದ ತೂಕದ ಯಂತ್ರಕ್ಕೆ ಒರಗಿಕೊಂಡಳು.

ಆಗ ನನಗೆ ಹೊಳೆಯಿತು.

ಅವಳಿಗೆ ಹೊಳೆದಿರಲಿಲ್ಲ, ಹೊಳೆಯುವುದೂ ಇಲ್ಲವೆಂದು ಗೊತ್ತಿತ್ತು. ಅದು ಅವಳ ಕೈಕಾಲಿನ ಹಾಗೆ. ಇನ್ನೊಂದು ಗಂಟೆ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಸಾಕಿತ್ತು. ಮಾರುವವರು ಬರುತ್ತಿದ್ದರು, ದೋಣಿ ವಾಪಸ್ಸು ಹೋಗುತ್ತಿತ್ತು, ಅಕ್ಕ ಎರಡು ಬೀದಿ ಆಚೆ ನನ್ನವಳಾಗಿ ಉಳಿಯುತ್ತಿದ್ದಳು. ಸುಳ್ಳನ್ನೂ ಹೇಳಬೇಕಿರಲಿಲ್ಲ. ಆದರೆ ಅವಳು ಆ ಯಂತ್ರಕ್ಕೆ ತಲೆಯಾನಿಸಿ, ಬಂದರಿನ ಬಾಯಿಯಾಚೆಗೆ ನೋಡುತ್ತಿದ್ದಳು. ಎಂಟು ವರ್ಷದ ನನ್ನ ಜಡೆ ಹಾಕಿ, ಸ್ಕೂಲಿಗೆ ಕಳಿಸಿ, ಆಮೇಲೆ ತಾನು ಕೆಲಸ ಹುಡುಕಿಕೊಂಡು ಹೊರಟಿದ್ದಳು ಅವಳು. ನನ್ನಿಂದ ಆಗಲಿಲ್ಲ.

"ಅಕ್ಕಾ," ಎಂದೆ. "ಆ ಮೆಷಿನ್ನನ್ನ ಯಾವತ್ತಾದ್ರೂ ತೂಗಿದೀಯಾ?"

ಅವಳು ನನ್ನನ್ನು ನೋಡಿದಳು, ಯಂತ್ರವನ್ನು ನೋಡಿದಳು. ಎದ್ದು, ಸೀರೆಯ ಸೆರಗು ಸಿಕ್ಕಿಸಿ, ಎರಡೂ ಕೈಯಲ್ಲಿ ಅದನ್ನು ಒಂದು ಗೇಣು ಮೇಲೆತ್ತಿದಳು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು.

"ಇಪ್ಪತ್ತೇಳು," ಎಂದಳು.

ಭಾವ ಕೈ ಚಾಚಿದರು, ಕೊಡಲಿಲ್ಲ. ತಾನೇ ಹೊತ್ತು ಜೆಟ್ಟಿಗಿಳಿಸಿ, ನೀರಿನ ಹನಿಯನ್ನು ಸೆರಗಿನಲ್ಲಿ ಒರೆಸಿ, ದೋಣಿಗೆ ಹಿಂತಿರುಗಿ ಭಾವನ ಪಕ್ಕ ಕೂತಳು. "ಈಗ ನೋಡು. ಕಾಣುತ್ತಾ?"

ಹಳದಿ ಪಟ್ಟಿ ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಇತ್ತು. ನೀರು ಅದರ ಅಂಚನ್ನು ಮುಟ್ಟಿ ಮುಟ್ಟಿ ಹೋಗುತ್ತಿತ್ತು.

"ಕಾಣುತ್ತೆ," ಎಂದೆ.

ಮೂರು ವಾರದ ಮೇಲೆ ಅವರು ಹೊರಟರು. ಯಂತ್ರ ಈಗ ನನ್ನ ನಡುಮನೆಯಲ್ಲಿದೆ. ತಾನು ಬರುವವರೆಗೆ ಅದರ ಮೇಲೆ ಯಾರನ್ನೂ ನಿಲ್ಲಿಸಬೇಡ ಎಂದು ಅಕ್ಕ ಹೇಳಿ ಹೋಗಿದ್ದಳು. ಅವರನ್ನು ಕಳಿಸಿ ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರವಾಗಿ ಅದರ ಮೇಲೆಯೇ ಹತ್ತಿ ನಿಂತೆ. ಮುಳ್ಳು ಅರವತ್ತೇಳಕ್ಕೂ ಅರವತ್ತೊಂಬತ್ತಕ್ಕೂ ನಡುವೆ ಅಲುಗುತ್ತಲೇ ಇತ್ತು, ನನ್ನ ಅಳು ನಿಲ್ಲುವವರೆಗೂ.