ಯಂತ್ರವನ್ನು ಕೆಲಸಕ್ಕೆ ಸೇರಿಸಿಕೊಂಡ ದೊಡ್ಡಕ್ಕ

ಗಾಜಿನ ಕಾರ್ಖಾನೆಯಲ್ಲಿ ಕುಲುಮೆಯವರಿಗೆ ಹೆಸರು, ಅಚ್ಚಿನವರಿಗೆ ಮರ್ಯಾದೆ. ತಯಾರಾದ ಬಾಟಲಿಯನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕುವ ತಪಾಸಣೆಯವರಿಗೆ ಸಿಗುವುದು ಕಣ್ಣುರಿ. ಆ ಕಣ್ಣುರಿಯ ಕೆಲಸಕ್ಕೂ ಒಂದು ಘನತೆಯುಂಟೆಂದು ಸೇವೆಯುದ್ದಕ್ಕೂ ಸಾಧಿಸಿ ತೋರಿಸಿದವರು, ಇಂದು ನಿವೃತ್ತರಾಗುತ್ತಿರುವ ತಪಾಸಣಾ ಕೊಠಡಿಯ ಮುಖ್ಯಸ್ಥೆ, ನಮ್ಮೆಲ್ಲರ ದೊಡ್ಡಕ್ಕ.

ಕೆಲಸಕ್ಕೆ ಸೇರಿದಾಗ ಅವರಿನ್ನೂ ಎರಡು ಜಡೆಯ ಹುಡುಗಿ. ಔಷಧ ತುಂಬುವ ಬಾಟಲಿಗಳು ಉರುಳುವ ಪಟ್ಟಿಯ ಮೇಲೆ ಸಾಲಾಗಿ ಬರುತ್ತಿದ್ದವು. ಹಿಂದೆ ಬಿಳಿ ದೀಪ, ಮುಂದೆ ಸ್ಟೂಲು. ಅಲ್ಲಿ ಒಂದು ಕಟ್ಟಳೆಯಿತ್ತು. ಹೊಸಬರು ಹಳಬರ ಪಕ್ಕದಲ್ಲಿ ಕುಳಿತು ಕಲಿಯಬೇಕು. ಹೊಸಬರು ನೋಡಿದ್ದನ್ನು ಹಳಬರು ಮತ್ತೊಮ್ಮೆ ನೋಡಬೇಕು. ಕಡೆಗೆ ಮುಖ್ಯಸ್ಥರು ಸಹಿ ಹಾಕಿದರೆ ಹೊಸಬರ ಕೆಲಸ ಖಾಯಂ, ಕಲಿಸಿದವರಿಗೆ ಬಡ್ತಿ. ದೊಡ್ಡಕ್ಕನವರು ಹೀಗೆಯೇ ಮೇಲೇರಿದರು. ಮುಖ್ಯಸ್ಥೆಯಾದ ಮೇಲೆ ತುಂಬು ಬಸುರಿಯೊಬ್ಬಳಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟು ತಾವು ಸ್ಟೂಲಿಗೆ ಇಳಿದರು; ಕಣ್ಣು ಮಂಜಾದವಳನ್ನು ಕೆಲಸದಿಂದ ತೆಗೆಯಗೊಡದೆ, ಕನ್ನಡಕ ಬರುವವರೆಗೆ ರಟ್ಟಿನ ಪೆಟ್ಟಿಗೆ ಕಟ್ಟುವಲ್ಲಿಗೆ ದಾಟಿಸಿದರು.

ಹೋದ ವರ್ಷ ಕ್ಯಾಮೆರಾ ಕಣ್ಣಿನ ಯಂತ್ರ ಬಂತು. ದಣಿಯುವುದಿಲ್ಲ, ತಾನೇ ಕಲಿಯುತ್ತದೆ ಎಂದು ಮ್ಯಾನೇಜರು ಹೊಗಳಿದರು. ತಪಾಸಣೆಯ ಹೆಂಗಸರನ್ನು ಮನೆಗೆ ಕಳಿಸುವ ಮಾತೂ ಅದರ ಬೆನ್ನಿಗೇ ಬಂತು.

"ಅಳಿಯಂದಿರು ಬಂದ್ರು ಕಣ್ರೇ, ಊಟಕ್ಕೇನು ಹಾಕೋಣ?" ಎಂದಳು, ಬಾಯಿಬಡುಕಿ ಎಂದೇ ಹೆಸರಾದವಳು.

"ನಮ್ಮ ಸಂಬಳಾನೇ ಹಾಕ್ತಾರಂತೆ," ಎಂದಳು ಪಕ್ಕದವಳು.

ದೊಡ್ಡಕ್ಕನವರು ನಗಲಿಲ್ಲ. ಯಂತ್ರದ ಪಕ್ಕ ಸ್ಟೂಲು ಹಾಕಿಸಿ, "ಹೊಸದಾಗಿ ಬಂದಿದ್ದು ತಾನೇ? ಕಲೀಲಿ. ಇದು ನೋಡಿದ್ದನ್ನೆಲ್ಲ ನೀವು ಇನ್ನೊಂದ್ಸಲ ನೋಡಿ," ಎಂದರು. ಮ್ಯಾನೇಜರು ನಕ್ಕರು. ಆದರೆ ಮುಖ್ಯಸ್ಥೆಯ ಸಹಿ ಪಡೆಯದವರು ತಪಾಸಣೆ ಮಾಡಿದ ಮಾಲನ್ನು ಬಾಟಲಿ ಕೊಳ್ಳುವ ಔಷಧದ ಕಂಪನಿ ಮುಟ್ಟುತ್ತಿರಲಿಲ್ಲವಾದ್ದರಿಂದ ಆ ನಗು ಹೆಚ್ಚು ದೂರ ಹೋಗಲಿಲ್ಲ.

ಮೊದಮೊದಲು ಯಂತ್ರ ನೀರಿನ ಹನಿ ಕಂಡರೂ ಬಿರುಕೆಂದು ಒದರುತ್ತಿತ್ತು. ಹೆಂಗಸರು ತಿದ್ದಿದರು, ಎಂಜಿನಿಯರು ಆ ತಿದ್ದುಪಡಿಯನ್ನು ಅದಕ್ಕೆ ಉಣಿಸಿದರು. ಬರಬರುತ್ತ ಅದು ಹೆಂಗಸರ ಕಣ್ಣಿಗೇ ತಪ್ಪಿದ ಕೂದಲೆಳೆಯ ಬಿರುಕನ್ನೂ ಹಿಡಿಯತೊಡಗಿತು.

"ಫೇಲು ಅಂತ ಬರ್ದುಬಿಡಿ ದೊಡ್ಡಕ್ಕಾ, ಪೀಡೆ ತೊಲಗುತ್ತೆ," ಎಂದು ಬಾಯಿಬಡುಕಿ ಕಣ್ಣೀರು ತಂದುಕೊಂಡಳು.

"ಒಳ್ಳೇ ಬಾಟ್ಲೀನ ಒಡಕು ಅಂತ ಯಾವತ್ತಾದ್ರೂ ಬರ್ದಿದೀನೇನೇ? ಈ ಔಷಧಿ ಕುಡಿಯೋರು ನಮ್ಮ ಮಕ್ಕಳೇ. ಅದು ಚೆನ್ನಾಗಿ ನೋಡುತ್ತೆ. ಹಾಗಂತ್ಲೇ ಬರೀತೀನಿ."

ಬರೆದರು. ಸಹಿ ಮಾತ್ರ ಹಾಕದೆ ಮ್ಯಾನೇಜರ ಮೇಜಿನ ಮುಂದೆ ನಿಂತರು.

"ಹೊಸಬ ಪಾಸಾದ. ಕಲಿಸಿದೋರ ಬಡ್ತಿ ಎಲ್ಲಿ ಸಾರ್?"

"ಅದು ಯಂತ್ರ ಕಣಮ್ಮಾ!"

"ತಾನೇ ಕಲಿಯುತ್ತೆ ಅಂದೋರು ನೀವು. ಕಲಿಸಿದ್ದು ಇವ್ರು. ಯಂತ್ರ ನಡೆಸೋ ಕೆಲ್ಸಾನ ಇವ್ರಿಗೇ ಕೊಡಿ, ಈಗ್ಲೇ ಸಹಿ ಹಾಕ್ತೀನಿ."

"ನಿಮ್ಮನ್ನೇ ತೆಗೆದುಹಾಕಿದ್ರೆ?"

"ತೆಗೀರಿ. ನಾಳೆ ಬರೋ ಮುಖ್ಯಸ್ಥೇನೂ ಈ ಕೊಠಡಿಯಿಂದ್ಲೇ ಬರ್ಬೇಕಲ್ಲ!"

ಬಾಗಿಲಲ್ಲಿ ನಿಂತಿದ್ದ ಹೆಂಗಸರಲ್ಲಿ ಒಬ್ಬಳೂ ಆ ಕುರ್ಚಿಗೆಂದು ಮುಂದೆ ಬರಲಿಲ್ಲ. ಅಂದಿನಿಂದ ಯಂತ್ರ ಮುಸುಕು ಹೊದ್ದು ಕುಳಿತಿತು. ದೊಡ್ಡಕ್ಕನವರ ಸಂಬಳವೂ ನಿಂತಿತು. ಅವರು ಮಾತ್ರ ದಿನವೂ ಬಂದು ಬಾಟಲಿ ನೋಡಿದರು. ಕಡೆಗೆ ಮಣಿದವರು ಮ್ಯಾನೇಜರೇ. ಈಗ ಆ ಯಂತ್ರವನ್ನು ನಡೆಸುವವಳು ಬಾಯಿಬಡುಕಿ; ಅದನ್ನು ಬೈಯುವವಳೂ ಅವಳೇ.

ಕುಲುಮೆಗೂ ಹೊಸ ಯಂತ್ರ ಬರಲಿದೆಯೆಂದು ಸುದ್ದಿ. ದೊಡ್ಡಕ್ಕನವರಿಗೆ ದೀರ್ಘಾಯುಸ್ಸು, ಗಟ್ಟಿ ಕಾಲು, ಚುರುಕು ಕಣ್ಣು ಇರಲೆಂದು ಮನಸಾರೆ ಹಾರೈಸುತ್ತೇವೆ. ವಿಶ್ರಾಂತಿ ಸಿಗಲೆಂದು ಮಾತ್ರ ಹಾರೈಸಲಾರೆವು. ಕುಲುಮೆಯವರು ಆಗಲೇ ಅವರ ಮನೆಯ ಬಾಗಿಲಿಗೆ ಹೋಗಿ ಬಂದಿದ್ದಾರೆ, ಅವರೂ ಒಳಗಿನಿಂದಲೇ ಕೇಳಿದ್ದಾರೆ: "ಬನ್ರೋ. ಆ ಯಂತ್ರಕ್ಕೆ ಕಲಿಸೋರು ಯಾರು, ಮೊದ್ಲು ಅದು ಹೇಳಿ."