ಬರಗೇರಮ್ಮನ ಅಂಗೈ

ಜವನಗೊಂಡನಹಳ್ಳಿಯಿಂದ ಮೂರು ಕಿಲೋಮೀಟರ್ ಆಚೆ, ಹೈವೇ ಪಕ್ಕದ ಗಾಲ್ಫ್ ಮೈದಾನದಲ್ಲಿ ಬರಗೇರಮ್ಮ ಈಗ ಕಳೆ ಕೀಳುತ್ತಾಳೆ. ಅದೂ ಬೇಲಿ ಅಂಚಿನ ಕಳೆ ಮಾತ್ರ. ಚೆಂಡು ಬೀಳುವ ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿರುತ್ತದಲ್ಲ, ಗ್ರೀನ್ ಅಂತಾರೆ, ಅದರ ಹತ್ತಿರ ಅವಳು ಸುಳಿಯುವಂತಿಲ್ಲ. ಎರಡು ವರ್ಷದ ಹಿಂದೆ ಅದೇ ಗ್ರೀನ್ ಮೇಲೆ ಇವಳನ್ನು ಕೇಳದೆ ಕೊರಿಯಾದ ಹುಡುಗಿಯೊಬ್ಬಳು ಚೆಂಡು ತಳ್ಳುತ್ತಿರಲಿಲ್ಲ ಅಂದರೆ ಹೊಸದಾಗಿ ಕೆಲಸಕ್ಕೆ ಬಂದವರು ನಗುತ್ತಾರೆ. ನಗಲಿ.

ಆ ಜಾಗ ಮೊದಲು ಊರಿನ ಕುರಿ ಮೇಯುವ ಕಾವಲಾಗಿತ್ತು. ಲಂಗ ಉಡುತ್ತಿದ್ದ ಕಾಲದಲ್ಲಿ ಅಪ್ಪನ ಕುರಿ ಮೇಯಿಸಿದ್ದು ಅಲ್ಲೇ, ಮದುವೆಯಾದ ಮೇಲೆ ಗಂಡ ಮಾರಣ್ಣನ ಕುರಿ ಮೇಯಿಸಿದ್ದೂ ಅಲ್ಲೇ. ಗಾಲ್ಫಿನವರು ಬೇಲಿ ಹಾಕಿದ ಮೇಲೆ ಮಾರಣ್ಣ ಮಂದೆ ಹೊಡೆದುಕೊಂಡು ಹರಿಯಬ್ಬೆ ಕಡೆಗೆ ಹೋಗತೊಡಗಿದ. ಬರಗೇರಮ್ಮ ಬೇಲಿಯೊಳಗೇ ಕೆಲಸಕ್ಕೆ ಸೇರಿದಳು. ಆಡುವವರ ಚೀಲ ಹೊತ್ತು ಹಿಂದೆ ಹಿಂದೆ ನಡೆಯುವ ಕೆಲಸ. ಕ್ಯಾಡಿ ಅನ್ನುತ್ತಾರೆ. ಹೆಸರು ಚೆನ್ನಾಗಿದೆ, ಹೊರೆ ಮಾತ್ರ ಹೊರೆಯೇ.

ಕೊರಿಯಾದಲ್ಲಿ ಚಳಿಗಾಲಕ್ಕೆ ನೆಲ ಕಲ್ಲಾಗುತ್ತದಂತೆ. ಅಲ್ಲಿನ ಹೆಣ್ಣುಮಕ್ಕಳೋ ಏಳು ವರ್ಷಕ್ಕೇ ಗಾಲ್ಫ್ ಕೋಲು ಹಿಡಿದವರು, ಒಂದು ದಿನ ಬಿಟ್ಟರೂ ಹಿಂದಿನವಳು ಮುಂದೆ ಹೋಗುತ್ತಾಳೆಂಬ ಭಯದವರು. ಹಾಗಾಗಿ ಅಕಾಡೆಮಿಗಳು ಅವರನ್ನು ಬಿಸಿಲಿರುವ ದೇಶಗಳಿಗೆ ಸಾಗಿಸುತ್ತವೆ. ಒಂದು ಅಕಾಡೆಮಿ ಇಲ್ಲಿಗೂ ಬಂತು. ಹನ್ನೆರಡು ಹುಡುಗಿಯರು, ಒಬ್ಬ ಕೋಚ್. "ನಮ್ಮ ದೇಶ ಗೆದ್ದಾಯಿತು, ಅಮೆರಿಕದಲ್ಲೂ ಗೆದ್ದಾಯಿತು. ಇನ್ನು ಇಡೀ ಭೂಮಿಯೇ ನಮ್ಮ ಹುಡುಗಿಯರ ಮೈದಾನ" ಎಂದು ಮೊದಲ ದಿನವೇ ಕೋಚ್ ಭಾಷಣ ಮಾಡಿದ್ದನ್ನು ಸೂಪರ್‌ವೈಸರ್ ಹನುಮೇಶ ಕನ್ನಡದಲ್ಲಿ ಹೇಳಿದ. ಇಡೀ ಭೂಮಿ ಅಂದಮೇಲೆ ನಮ್ಮ ಕಾವಲೂ ಸೇರಿತು ತಾನೆ.

ಬರಗೇರಮ್ಮನ ಪಾಲಿಗೆ ಬಂದವಳು ನಾ-ಗ್ಯಂಗ್. ಇಪ್ಪತ್ತೊಂದು ವರ್ಷ, ಕಡ್ಡಿಯಂಥ ಮೈ, ಮಾತಿಲ್ಲ ಕತೆಯಿಲ್ಲ. ಆ ಹೆಸರು ಯಾರ ನಾಲಗೆಗೂ ತಿರುಗದೆ ಕ್ಯಾಡಿ ಹೆಂಗಸರೆಲ್ಲ ನಾಗಮ್ಮ ಅಂದರು. ಅವಳೂ ಓಗೊಟ್ಟಳು.

ಕುರಿ ಕಾಯುವವರಿಗೆ ಒಂದು ಅಭ್ಯಾಸವಿದೆ. ಇಬ್ಬನಿ ಹುಲ್ಲು ಮೇಯ್ದ ಕುರಿಗೆ ಹೊಟ್ಟೆ ಕೆಡುತ್ತದೆ. ಅದಕ್ಕೇ ಬೆಳಿಗ್ಗೆ ಮಂದೆ ಬಿಡುವ ಮೊದಲು ಹುಲ್ಲಿನ ಮೇಲೆ ಅಂಗೈ ಊರಿ, ಆಮೇಲೆ ಹುಲ್ಲು ಬಾಗಿದ ದಿಕ್ಕಿಗೆ ಎದುರಾಗಿ ಒಮ್ಮೆ ಉಜ್ಜಿ ನೋಡುತ್ತಾರೆ. ಮೇಲೆ ಒಣಗಿದಂತೆ ಕಂಡರೂ ಬುಡದಲ್ಲಿ ತೇವ ಅಡಗಿರುತ್ತದೆ. ಒಂದು ಬೆಳಿಗ್ಗೆ ನಾಗಮ್ಮ ತಳ್ಳಿದ ಚೆಂಡು ಮತ್ತೆ ಮತ್ತೆ ಗುಳಿಯವರೆಗೆ ಹೋಗದೆ ನಿಂತಾಗ ಬರಗೇರಮ್ಮ ಕುಕ್ಕರುಗಾಲಲ್ಲಿ ಕೂತು ಹಾಗೇ ಉಜ್ಜಿ ನೋಡಿ, ಇನ್ನೂ ಜೋರಾಗಿ ತಳ್ಳು ಎಂದು ಕೈಸನ್ನೆ ಮಾಡಿದಳು. ಚೆಂಡು ಗುಳಿಗೆ ಬಿತ್ತು. ಅವತ್ತಿನಿಂದ ನಾಗಮ್ಮ ಗ್ರೀನ್ ಹತ್ತಿರ ಬಂದಾಗಲೆಲ್ಲ ತಾನೇ ಇವಳ ಕೈ ಹಿಡಿದು ಹುಲ್ಲಿನ ಮೇಲೆ ಇಡುತ್ತಿದ್ದಳು. ಕೋಚ್ ಮೊಬೈಲಿನಲ್ಲಿ ಆ ಕೈಯ ವಿಡಿಯೋ ಮಾಡಿಕೊಂಡ. ಎಡವಿ ಮುಳ್ಳುತಂತಿಗೆ ಸಿಕ್ಕಿ ಹರಿದುಕೊಂಡಿದ್ದ ಹೆಬ್ಬೆರಳಿನ ಗಾಯದ ಗುರುತು ಕಾಣುವಷ್ಟು ಹತ್ತಿರದಿಂದ.

ಮೂರು ಚಳಿಗಾಲ ಹೀಗೇ ನಡೆಯಿತು. ಮೂರನೆಯ ವರ್ಷ ಬರಗೇರಮ್ಮನ ಮಗಳು ಮೋನಿಕಾ, ಆಗ ಹದಿನಾರು, ರಜೆಯಲ್ಲಿ ಅವ್ವನ ಜೊತೆ ಬಂದವಳು ಮುರುಕು ಕೋಲಿನಿಂದ ನಾಲ್ಕು ಚೆಂಡು ಹೊಡೆದಳು. ನಾಲ್ಕೂ ನೂಲು ಹಿಡಿದಂತೆ ನೇರ ಹೋದವು. ಕೋಚ್ ಇನ್ನೂ ಇಪ್ಪತ್ತು ಹೊಡೆಸಿ ನೋಡಿದ. ಆಮೇಲೆ ಹನುಮೇಶನ ಬಾಯಲ್ಲಿ ಹೇಳಿಸಿದ: ತಿಂಗಳ ಕೊನೆಗೆ ಇಲ್ಲೇ ಬೇರೆ ಬೇರೆ ದೇಶದವರೆಲ್ಲ ಆಡುವ ಆಯ್ಕೆಯ ಪಂದ್ಯವಿದೆ, ಮೊದಲ ಹತ್ತು ಮಂದಿ ಅಮೆರಿಕದ ಪಂದ್ಯಗಳಿಗೆ ಹೋಗುತ್ತಾರೆ. ನಾಗಮ್ಮ ಆ ಹತ್ತರಲ್ಲಿ ಬಂದರೆ ಅಕಾಡೆಮಿ ಖರ್ಚಿನಲ್ಲಿ ಮೋನಿಕಾಳನ್ನು ಕೊರಿಯಾಕ್ಕೆ ಕರೆದುಕೊಂಡು ಹೋಗಿ ಆಟಗಾರ್ತಿ ಮಾಡುತ್ತೇವೆ. ಮಾರಣ್ಣ ಎರಡು ದಿನ ಮಂದೆ ಬಿಟ್ಟು ದಾವಣಗೆರೆಗೆ ಅಲೆದು ಮಗಳಿಗೆ ಪಾಸ್‌ಪೋರ್ಟ್ ಮಾಡಿಸಿದ. ಊರಿನಲ್ಲಿ ಮೊದಲ ಪಾಸ್‌ಪೋರ್ಟ್ ಅದು. ಬರಗೇರಮ್ಮ ಅದನ್ನು ದೇವರ ಗೂಡಿನಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದಳು.

ಪಂದ್ಯದ ಕೊನೆಯ ದಿನ ಬೆಳಿಗ್ಗೆ ನಾಗಮ್ಮ ಆರನೆಯವಳಾಗಿದ್ದಳು. ಮೂರನೆಯ ಗುಳಿ. ಇಬ್ಬನಿ ಇನ್ನೂ ಆರಿರಲಿಲ್ಲ. ನಾಗಮ್ಮ ಕೈ ಹಿಡಿಯಲಿಲ್ಲ, ಕರೆಯಲೂ ಇಲ್ಲ. ಮಗು ಹೆದರಿದೆ ಎಂದುಕೊಂಡು ಬರಗೇರಮ್ಮ ತಾನಾಗಿಯೇ ಕೂತು ಅಂಗೈ ಊರಿ ಉಜ್ಜಿದಳು. ದೂರದಿಂದ ಬಿಳಿ ಟೋಪಿಯ ತೀರ್ಪುಗಾರ ಕೈ ಎತ್ತಿಕೊಂಡು ಬಂದ. ಅವನು ಇಂಗ್ಲಿಷಿನಲ್ಲಿ ಏನೋ ಕೇಳಿದ. ಹನುಮೇಶ ಓಡಿ ಬಂದ.

"ಬರಗೇರಮ್ಮ, ಬರೇ ಕೈ ಊರಿದ್ಯಾ, ಇಲ್ಲಾ ಉಜ್ಜಿದ್ಯಾ? ನೋಡ್ಕಂಡು ಹೇಳಮ್ಮ" ಎಂದ. ಕಣ್ಣಲ್ಲೂ ಏನೋ ಹೇಳಿದ.

ಆ ಕಣ್ಣನ್ನು ಅವಳು ನೋಡಿದ್ದರೆ! ಅವಳು ನೋಡಿದ್ದು ಬಿಳಿ ಟೋಪಿಯನ್ನು. ಇಷ್ಟು ದೊಡ್ಡ ಮನುಷ್ಯ ತನ್ನ ಕಸುಬನ್ನು ಕೇಳುತ್ತಿದ್ದಾನೆಂದು ಅವಳ ಎದೆ ಉಬ್ಬಿತು. ಜೀವಮಾನದಲ್ಲಿ ಯಾರೂ ಕೇಳಿರಲಿಲ್ಲ ನೋಡಿ.

"ಬರೇ ಊರಿದ್ರೆ ಏನು ಗೊತ್ತಾಗ್ತೈತೆ ಸಾರ್. ಉಜ್ಜಬೇಕು. ಹಿಂಗೆ" ಎಂದು ಮತ್ತೆ ಕೂತು, ತೀರ್ಪುಗಾರನಿಗೆ ಕಾಣಲಿ ಎಂದು ನಿಧಾನವಾಗಿ, ಸೆರಗು ಸರಿಸಿಕೊಂಡು, ಉಜ್ಜಿ ತೋರಿಸಿದಳು.

ಹನುಮೇಶ ಅನುವಾದ ಮಾಡುವ ಅಗತ್ಯವೇ ಬೀಳಲಿಲ್ಲ. ಪಂದ್ಯದ ನಿಯಮ ಹೀಗಿತ್ತು: ಗ್ರೀನ್ ಮೇಲೆ ಅಂಗೈ ಊರಿ ತೇವ ನೋಡಿದರೆ ತಪ್ಪಿಲ್ಲ. ಉಜ್ಜಿ ಪರೀಕ್ಷಿಸಿದರೆ, ಕ್ಯಾಡಿ ಉಜ್ಜಿದರೂ ಸರಿಯೆ, ಆಟಗಾರ್ತಿಯ ಲೆಕ್ಕಕ್ಕೆ ಎರಡು ಹೊಡೆತ ದಂಡ. ಹೊಡೆತ ಕಡಿಮೆಯಿದ್ದವರೇ ಗೆಲ್ಲುವ ಆಟ ಅದು. ನಾಗಮ್ಮನಿಗೆ ಆ ನಿಯಮ ಏಳನೆಯ ವಯಸ್ಸಿನಿಂದಲೇ ಗೊತ್ತಿತ್ತು. ಕೋಚಿಗೆ ಬಾಯಿಪಾಠ. ಅಭ್ಯಾಸದಲ್ಲಿ ನಡೆಯುತ್ತದೆಂದು ಮೂರು ವರ್ಷ ಉಜ್ಜಿಸಿದವರಿಗೆ, ಪಂದ್ಯದ ದಿನ ಉಜ್ಜಬೇಡಮ್ಮ ಎಂದು ಒಂದು ಮಾತು ಹೇಳಲು ಪುರುಸೊತ್ತಾಗಲಿಲ್ಲ. ಚೀಲ ಹೊರುವವಳಿಗೆ ನಿಯಮ ಹೇಳುವುದುಂಟೆ? ನಾಗಮ್ಮ ತನ್ನ ಬೂಟು ನೋಡುತ್ತ ನಿಂತಳು. ಉಜ್ಜಿಸುತ್ತಿದ್ದವಳು ನಾನೇ ಅನ್ನಲಿಲ್ಲ.

ಸಂಜೆಗೆ ಒಂದೇ ಒಂದು ಹೊಡೆತದ ಅಂತರದಲ್ಲಿ ಅವಳು ಹನ್ನೊಂದನೆಯವಳಾದಳು. ಕೋಚ್ ಹನುಮೇಶನಿಗೆ ಹೇಳಿದ್ದು ಎರಡೇ ಮಾತು. ಈ ಹೆಂಗಸು ಇನ್ನು ಗ್ರೀನ್ ಹತ್ತಿರ ಬರಬಾರದು. ಹುಡುಗಿಯ ವಿಚಾರ ಆಮೇಲೆ ನೋಡೋಣ. ಆಮೇಲೆ ಅನ್ನುವುದು ಬರಲೇ ಇಲ್ಲ. ಮರುವರ್ಷ ನಾಗಮ್ಮ ಬೇರೆ ದೇಶದ ಪಂದ್ಯದಲ್ಲಿ ಆಯ್ಕೆಯಾಗಿ ಅಮೆರಿಕಕ್ಕೆ ಹೋದಳು. ಅವಳು ಕಪ್ಪು ಕನ್ನಡಕ ಏರಿಸಿಕೊಂಡು ನಗುತ್ತಿದ್ದ ಫೋಟೋವನ್ನು ಮೋನಿಕಾ ಫೋನಿನಲ್ಲಿ ತೋರಿಸಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಊರವರು ಸಮಾಧಾನ ಹೇಳಿದರು. ಬರಗೇರಮ್ಮನನ್ನು ಕೇಳಿದರೆ, ತುತ್ತು ತಟ್ಟಿ ಬೀಳಿಸಿದ್ದು ತನ್ನದೇ ಕೈ. ಮೋನಿಕಾ ಒಂದು ದಿನವೂ ಅವ್ವನನ್ನು ದೂರಲಿಲ್ಲ. ದೂರಿದ್ದರೆ ಎಷ್ಟೋ ವಾಸಿಯಿತ್ತು.

ಹದಿನೆಂಟು ತುಂಬುತ್ತಲೇ ಮೋನಿಕಾ ಅದೇ ಮೈದಾನದಲ್ಲಿ ಕ್ಯಾಡಿಯಾದಳು. ಈ ಡಿಸೆಂಬರಿನಲ್ಲಿ ಕೋಚ್ ಹೊಸ ಹುಡುಗಿಯರನ್ನು ಕರೆತಂದಿದ್ದಾನೆ. ಮೊನ್ನೆ ಸಂಜೆ ಮಗಳು ಮನೆಗೆ ಬಂದು ಕಾಲು ತೊಳೆದು, ರಾಗಿಮುದ್ದೆಯ ಮುಂದೆ ಕೂತಳು. ತಟ್ಟೆ ಎಳೆದುಕೊಂಡು ಹೇಳಿದಳು.

"ಅವ್ವ, ಇವತ್ತು ಕ್ಯಾಡಿಗಳಿಗೆಲ್ಲ ಟ್ರೇನಿಂಗ್ ಕೊಟ್ರು. ಹುಲ್ಲಿನ ತೇವ ಹೆಂಗೆ ನೋಡಾದು ಅಂತ."

"ಯಾರು ಕೊಟ್ಟಿದ್ದು?"

"ಕೋಚ್. ವಿಡಿಯೋ ಹಾಕಿ ತೋರಿಸ್ದ. ಕೈ ಊರಬೇಕು, ಉಜ್ಜಬಾರ್ದು ಅಂದ. ನಮ್ಮ ಅಕಾಡೆಮಿ ಕಂಡುಹಿಡಿದ ವಿದ್ಯೆ ಅಂತೆ." ಮೋನಿಕಾ ಮುದ್ದೆ ಮುರಿದಳು, ಬಾಯಿಗಿಡಲಿಲ್ಲ. "ವಿಡಿಯೋದಾಗೆ ಮುಖ ಇಲ್ಲ. ಕೈ ಅಷ್ಟೇ ಐತೆ. ಉಜ್ಜಾದು ಬರಾಕೆ ಮುಂಚೆ ಕಟ್ ಮಾಡವ್ರೆ. ಹೆಬ್ಬೆರಳ ಗಾಯ ಕಾಣ್ತೈತೆ."

ಬರಗೇರಮ್ಮ ಸಾರು ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ನೀನೇನಂದೆ?"

"ಎಲ್ಲರ ಜೊತೆ ಕೈ ಊರಿದೆ" ಎಂದಳು ಮಗಳು. "ಚೆನ್ನಾಗಿ ಕಲಿತಿದ್ದೀಯ ಅಂದ."